ನಮ್ಮ ಮನೆಯ ಪುಟ

ಮಣಿಪಾಲ
೬ ಸೆಪ್ಟೆಂಬರ್ ೧೯೮೧

ಪ್ರಿಯ ಬರ್ತಾ,

“ನೀನು ಎಲ್ಲಿಗೆ ಹೋದರೂ ನಾನು ಅಲ್ಲಿಗೆ...” ಮುಂದೆ ಎಂತ? ಎರಡು ದಿನದಿಂದ ಈ ಅರ್ಧ ಸಾಲು ನನ್ನ ಜೊತೆ ಓಡಾಡುತ್ತಿದೆ. ಶುಕ್ರವಾರ ತರಗತಿಯಲ್ಲಿ ಬೋರ್ಡಿನ ಮೇಲೆ ಪದ್ಯ ಬರೆಯುತ್ತಿದ್ದೆ. ಸೀಮೆಸುಣ್ಣ ಮುರಿಯಿತು. ಇನ್ನೊಂದಕ್ಕೆ ಕೈ ಚಾಚಿದಾಗ ಅಮ್ಮನ ದನಿಯಲ್ಲಿ ಇದು ಬಂತು. ಅರ್ಧವೇ ಬಂತು. ಇದಕ್ಕೆ ಮೊದಲು ಬೇರೆ ಒಂದು ಮಾತು ಇತ್ತಲ್ಲ, ಬಿಟ್ಟುಹೋಗುವ ವಿಷಯ? ಅದು ಮೊದಲೋ, ಇದು ಮೊದಲೋ?

ಇನ್ನೊಂದು ಸಂಶಯ. ಅಮ್ಮ ಇದನ್ನು ಯಾವಾಗಲೂ ದೇವರು ನನಗೆ ಹೇಳಿದ ಮಾತು ಎಂಬಂತೆಯೇ ಹೇಳುತ್ತಿದ್ದರು. ನಾನು ಮೈಸೂರಿಗೆ ಹೊರಟಾಗ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದೂ ಇದನ್ನೇ. ಆದರೆ ದೇವರು ಹೇಳಿದ ಮಾತೇ ಇದು? ನನಗೆ ನೆನಪಿರುವ ಮಟ್ಟಿಗೆ ಒಬ್ಬ ವಿಧವೆ ಸೊಸೆ ತನ್ನ ವಿಧವೆ ಅತ್ತೆಗೆ ದಾರಿಯಲ್ಲಿ ನಿಂತು ಹೇಳಿದ್ದು. ನನ್ನ ಹತ್ತಿರ ಇಂಗ್ಲಿಷಿನ ಬೈಬಲ್ ಉಂಟು. ಅದರಲ್ಲಿ ನೋಡಬಹುದಿತ್ತು. ನೋಡಲಿಲ್ಲ. ಅದರಲ್ಲಿ ಅಮ್ಮನ ದನಿ ಇಲ್ಲ.

ಮನೆಯ ಸತ್ಯವೇದ, ಅಮ್ಮನ ಆ ಕನ್ನಡ ಬೈಬಲ್, ನಿನ್ನ ಹತ್ತಿರ ಇದೆ. ನೋಡಿ ಎರಡು ಸಾಲು ಬರೆಯುತ್ತೀಯಾ?

ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನೀನು ಜಗಲಿಯಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. “ಪುಸ್ತಕ ಹೇಳಿದ ಹಾಗೆ ನೀನು ಹೋದೆ, ಪುಸ್ತಕ ಹೇಳಿದ ಹಾಗೆ ನಾನು ಉಳಿದೆ. ಈಗ ಅಳಲಿಕ್ಕೆ ಎಂತ ಉಂಟು ಅಕ್ಕ?” ವರ್ಷ ದಾಟಿತು. ಅದಕ್ಕೆ ಉತ್ತರ ಕೊಡಲು ಈ ಕಾಗದ ಬರೆಯುತ್ತಿಲ್ಲ. ಆ ಸಾಲು ಬೇಕಾಗಿದೆ, ಅಷ್ಟೆ.

ನಿನ್ನ ಅಕ್ಕ,
ಗ್ಲ್ಯಾಡಿಸ್

*

ಕಾಪು
೧೪ ಸೆಪ್ಟೆಂಬರ್ ೧೯೮೧

ಅಕ್ಕನಿಗೆ,

ನಿನ್ನ ಕಾಗದ ತಂದುಕೊಟ್ಟ ಪೋಸ್ಟಿನ ಹೂವಪ್ಪಣ್ಣ ಜಗಲಿಯಲ್ಲೇ ನಿಂತು ವಿಚಾರಣೆ ಮಾಡಿದ. “ಮಣಿಪಾಲ ಎಂದರೆ ದುಬೈಯಾ ಬರ್ತಕ್ಕ? ಬಸ್ಸಿಗೆ ಕೂತರೆ ಒಂದು ಗಂಟೆ. ಕಾಗದ ಬರುವಷ್ಟರಲ್ಲಿ ನಿಮ್ಮ ಅಕ್ಕ ನಾಲ್ಕು ಸಲ ಬಂದು ಹೋಗಬಹುದಿತ್ತಲ್ಲ!” ಪಕ್ಕದ ಮನೆಯ ಸುಂದರಿ ಮೀನಿನ ಬುಟ್ಟಿ ಇಳಿಸಿ ನನ್ನ ಪರವಾಗಿ ಉತ್ತರ ಕೊಟ್ಟಳು. “ಅಕ್ಕ ಬಂದರೆ ನಿನಗೆ ಎಂತ ಕೆಲಸ ಉಂಟು ಮಾರಾಯ? ಪೋಸ್ಟ್ ಆಫೀಸು ಮುಚ್ಚಬೇಕಾದೀತು.”

ನಾನು ನಗಲಿಲ್ಲ. ಆಮೇಲೆ ಒಳಗೆ ಬಂದು ಸ್ವಲ್ಪ ನಕ್ಕೆ.

ನೀನು ಕೇಳಿದ ಸಾಲು. ಮೊದಲನೇ ಅರ್ಧದಲ್ಲಿ, ನನ್ನನ್ನು ಬಿಟ್ಟುಹೋಗು ಎಂದು ಒತ್ತಾಯ ಮಾಡಬೇಡ ಎಂದಿದೆ. ನಿನಗೆ ನೆನಪಿರುವುದು ಅದರ ನಂತರದ್ದು, ಎಲ್ಲಿಗೆ ಹೋದರೂ ಬರುತ್ತೇನೆ ಎಂಬುದು. ಅಮ್ಮ ನಿನಗೆ ಕೊಟ್ಟದ್ದು ಎರಡನೆಯ ಅರ್ಧ, ನನಗೆ ಕೊಟ್ಟದ್ದು ಮೊದಲನೆಯದು. ಹೌದು, ಹೇಳಿದ್ದು ದೇವರಲ್ಲ, ಸೊಸೆ. ಅಮ್ಮನಿಗೆ ಅದು ಗೊತ್ತಿರಲಿಲ್ಲ ಎಂದುಕೊಂಡೆಯಾ? ಆ ಪುಸ್ತಕದಲ್ಲಿ ಯಾರು ಮಾತಾಡಿದರೂ ಅವರಿಗೆ ದೇವರೇ ಮಾತಾಡಿದ ಹಾಗೆ. ಅದರಲ್ಲಿ ಮಾತಾಡುವ ಕತ್ತೆಯೊಂದು ಉಂಟಲ್ಲ, ಅದು ಮಾತಾಡಿದರೂ.

ಅವರು ಕೈ ತೊಳೆದು, ತಲೆ ಬಾಚಿ, ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಡುತ್ತಿದ್ದುದು ನೆನಪಿದೆಯಾ? ಹೊಲಿಗೆ ಯಂತ್ರ ತೆಗೆದುಕೊಳ್ಳುವುದೋ ಬೇಡವೋ ಎಂದು ಕೇಳಿದಾಗ ಬೆರಳು ಇಂಥವನು ಇಂಥವನನ್ನು ಪಡೆದನು ಎಂಬ ದೊಡ್ಡ ವಂಶಾವಳಿಯ ಮೇಲೆ ಬಿತ್ತಂತೆ. ಅಮ್ಮ ಐದು ನಿಮಿಷ ಯೋಚಿಸಿ, “ಸಂತಾನ ಹೆಚ್ಚುತ್ತದೆ ಎಂದರೆ ಹೊಲಿಯುವ ಬಟ್ಟೆಯೂ ಹೆಚ್ಚುತ್ತದೆ” ಎಂದು ಯಂತ್ರ ತಂದರಂತೆ. ನಾನು ಆಗ ತೊಟ್ಟಿಲಲ್ಲಿದ್ದೆ, ನೀನೇ ಹೇಳಿದ ಕಥೆ. ಆಮೇಲಿನದು ನಾನು ಕಂಡದ್ದು. ನೀನು ಮೈಸೂರಿಗೆ ಹೋದ ಮೇಲೆ ಪುಸ್ತಕ ತೆರೆದಾಗೆಲ್ಲ ಆ ಸೊಸೆಯ ಪುಟವೇ ಬರುತ್ತಿತ್ತು. “ದೇವರು ನಮಗೆ ಇದನ್ನೇ ಕೊಟ್ಟಿದ್ದಾನೆ. ಇದು ನಮ್ಮ ಮನೆಯ ಪುಟ” ಎನ್ನುತ್ತಿದ್ದರು. ಪುಟದ ಕೊನೆಯಲ್ಲಿ ಕೊಯ್ಲಿನ ಕಾಲ ಬಂತು ಎಂಬ ಮಾತಿದೆಯಲ್ಲ, ಅದನ್ನು ಓದಿ ಮಾಡಿನ ಹಂಚು ಬದಲಾಯಿಸುವುದನ್ನು ಕೊಯ್ಲು ಮುಗಿಯುವವರೆಗೆ ಮುಂದೆ ಹಾಕಿದರು. ಆ ಮಳೆಗಾಲ ಒಳಗೆ ನಾಲ್ಕು ಪಾತ್ರೆ ಇಟ್ಟು ಮಲಗಿದೆವು.

ಸಭೆಯ ಪಾದ್ರಿ ಅಯ್ಯನವರು ಒಮ್ಮೆ, “ಇದು ಚೀಟಿ ಎತ್ತಿದ ಹಾಗಾಯಿತಲ್ಲ ಅಮ್ಮ” ಎಂದು ಆಕ್ಷೇಪಿಸಿದರು. “ಸತ್ಯವೇದದಲ್ಲಿ ಶಿಷ್ಯರೂ ಚೀಟಿ ಎತ್ತಿದ್ದಾರಲ್ಲ ಅಯ್ಯನವರೇ” ಎಂದರು ಅಮ್ಮ. ಅಯ್ಯನವರು ಚಹಾ ಕುಡಿದು ಹೋದರು.

ಇಷ್ಟು ಉದ್ದ ಬರೆಯುವ ಮನಸ್ಸಿರಲಿಲ್ಲ. ಇನ್ನೊಂದು ವಿಷಯ ಇದೆ, ಅದಕ್ಕೆ ಸುತ್ತಿ ಬಳಸಿ ಬರುತ್ತಿದ್ದೇನೆ. ಕಳೆದ ತಿಂಗಳು ಕಾರ್ಕಳದ ಜಾರ್ಜರು ಬಂದಿದ್ದರು. ನಿನಗೆ ನೆನಪಿರಬೇಕು, ೧೯೬೮ರಲ್ಲಿ ನನ್ನನ್ನು ಕೇಳಿಕೊಂಡು ಬಂದವರು, ಗಡಿಯಾರ ರಿಪೇರಿಯ ಅಂಗಡಿಯವರು. ಅವರ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತಂತೆ. ಮಕ್ಕಳಿಲ್ಲ. ಅಮ್ಮ ಹೋದ ಸುದ್ದಿ ತಡವಾಗಿ ಗೊತ್ತಾಯಿತು ಎಂದರು. ಗೋಡೆಯ ಗಡಿಯಾರ ನೋಡಿ, “ಇದು ಐದು ನಿಮಿಷ ಮುಂದೆ ಓಡ್ತಾ ಉಂಟಲ್ಲ, ಅಂದು ನಾನು ರಿಪೇರಿ ಮಾಡಿದ್ದು ಸರಿಯಾಗಿಲ್ಲ” ಎಂದರು. ಬಿಚ್ಚಲು ಹೊರಟರು, ನಾನು ಬೇಡವೆಂದೆ.

ಹೊರಡುವಾಗ ಮೆಟ್ಟಿಲಲ್ಲಿ ನಿಂತು ಮತ್ತೊಮ್ಮೆ ಕೇಳಿದರು. ಹದಿಮೂರು ವರ್ಷದ ಹಿಂದೆ ಕೇಳಿದ್ದನ್ನೇ.

ಬರ್ತಾ

*

ಮಣಿಪಾಲ
೨೫ ಸೆಪ್ಟೆಂಬರ್ ೧೯೮೧

ಪ್ರಿಯ ಬರ್ತಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಹಂಚಿನ ಕಥೆ ನನಗೆ ಗೊತ್ತಿರಲಿಲ್ಲ. ನಾಲ್ಕು ಪಾತ್ರೆಗಳ ಸದ್ದು ಇಲ್ಲಿಯವರೆಗೆ ಕೇಳಿಸಿತು.

ಜಾರ್ಜರಿಗೆ ನೀನು ಏನು ಹೇಳಿದೆ? ಅದನ್ನು ಬರೆಯದೆ ಸಹಿ ಹಾಕಿಬಿಟ್ಟೆಯಲ್ಲ. ನಿನಗೆ ಮೂವತ್ತೇಳು, ಅವರಿಗೆ ನಲವತ್ತಮೂರು ಇರಬೇಕು. ಯಾರನ್ನು ಕೇಳಬೇಕು ಎಂದು ನೋಡಬೇಡ. ಕೇಳಬೇಕಾದವರು ಈಗ ಯಾರೂ ಇಲ್ಲ.

ಗ್ಲ್ಯಾಡಿಸ್

*

ಕಾಪು
೧೦ ಅಕ್ಟೋಬರ್ ೧೯೮೧

ಅಕ್ಕನಿಗೆ,

“ಕೇಳಬೇಕಾದವರು ಯಾರೂ ಇಲ್ಲ” ಎಂದು ಎಷ್ಟು ಸುಲಭದಲ್ಲಿ ಬರೆದೆ! ಪುಸ್ತಕ ಇದೆಯಲ್ಲ.

ನೀನು ಎಂ.ಎ. ಮಾಡಿದವಳು, ಪದ್ಯಗಳನ್ನು ಬಿಡಿಸಿ ಒಳಗೆ ಏನಿದೆ ಎಂದು ತೋರಿಸುವವಳು. ನಾನು ಬಾಲವಾಡಿಯಲ್ಲಿ ಮಕ್ಕಳ ಮೂಗು ಒರೆಸುವವಳು. ನನಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತು ಬೇಕು, ಆ ದಿನ ಹಿಡಿದುಕೊಳ್ಳಲಿಕ್ಕೆ. ಸುಂದರಿಯ ಗಂಡ ದೋಣಿ ಹತ್ತುವಾಗ ಹಗ್ಗ ಹಿಡಿದುಕೊಳ್ಳುವ ಹಾಗೆ. ಅಮ್ಮ ಕೊನೆಯ ಎಂಟು ತಿಂಗಳು ಹಾಸಿಗೆಯಲ್ಲಿದ್ದಾಗ ದಿನಕ್ಕೆ ಎರಡು ಸಲ ಓದಿ ಹೇಳುತ್ತಿದ್ದೆ. ಅದಿಲ್ಲದಿದ್ದರೆ ನಾನು ಆ ಎಂಟು ತಿಂಗಳು ದಾಟುತ್ತಿರಲಿಲ್ಲ. ನೀನು ಶನಿವಾರ ಬಂದು ಭಾನುವಾರ ಹೋಗುತ್ತಿದ್ದೆ. ದೂರುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆದ್ದರಿಂದ ಅಮ್ಮ ಮಾಡಿದ ಹಾಗೆಯೇ ಮಾಡುತ್ತೇನೆ. ನವೆಂಬರ್ ೨೯, ಕ್ರಿಸ್ಮಸ್ ಕಾಲ ಶುರುವಾಗುವ ಮೊದಲ ಭಾನುವಾರ. ಬೆಳಿಗ್ಗೆ ಕೈ ತೊಳೆದು, ತಲೆ ಬಾಚಿ, ಚಾಪೆ ಹಾಸಿ ಪುಸ್ತಕ ತೆರೆಯುತ್ತೇನೆ. ಬೆರಳು ಬಿದ್ದ ಕಡೆ ಏನಿದೆಯೋ ಅದು. ಹೋಗೆಂದರೆ ಹೋಗುತ್ತೇನೆ, ಇರೆಂದರೆ ಇರುತ್ತೇನೆ. ಜಾರ್ಜರಿಗೂ ಹೀಗೆಯೇ ಬರೆದಿದ್ದೇನೆ. ಅವರ ಉತ್ತರ ಒಂದೇ ಸಾಲು: “ಆಗಲಿ, ಅಂದೂ ಪುಸ್ತಕಕ್ಕೇ ಸೋತದ್ದು.”

ಅಂದು ಪುಸ್ತಕ ಇರು ಎಂದಿತು. ಈಗ ಅಮ್ಮ ಇಲ್ಲ. ಬೇರೆ ಏನಾದರೂ ಹೇಳೀತೋ ಏನೋ.

ಬರ್ತಾ

*

ಮಣಿಪಾಲ
೨ ನವೆಂಬರ್ ೧೯೮೧

ಪ್ರಿಯ ಬರ್ತಾ,

ಇದು ಮೂರನೆಯ ಪ್ರಯತ್ನ. ಮೊದಲಿನ ಎರಡು ಕಾಗದ ಹರಿದೆ. ಬಸ್ಸು ಹಿಡಿದು ಬಂದು ಎದುರಿಗೇ ಹೇಳಬಹುದಿತ್ತು. ಆದರೆ ಎದುರಿಗೆ ಬಂದರೆ ಬಾಯಿಗೆ ತುಳು ಬರುತ್ತದೆ. ತುಳುವಿನಲ್ಲಿ ನಾವು ಮೀನು ಎಷ್ಟಕ್ಕೆ, ಊಟ ಆಯಿತಾ ಎಂದೇ ಮಾತಾಡಿದವರು. ಇಂಥದ್ದನ್ನು ಅದರಲ್ಲಿ ಎಂದೂ ಹೇಳಿಲ್ಲ. ಅಮ್ಮನ ಪ್ರಾರ್ಥನೆ, ಸತ್ಯವೇದ, ಕಾಗದ, ಇವಕ್ಕೆಲ್ಲ ನಮ್ಮ ಮನೆಯಲ್ಲಿ ಕನ್ನಡವೇ. ಅದರಲ್ಲಿಯೇ ಹೇಳುತ್ತೇನೆ.

೨೯ರಂದು ನೀನು ಪುಸ್ತಕ ತೆರೆದರೆ ಯಾವ ಪುಟ ಬರುತ್ತದೆ ಎಂದು ನನಗೆ ಗೊತ್ತು. ಆ ಸೊಸೆಯ ಪುಟ ಬರುತ್ತದೆ. ಬರುವಂತೆ ಮಾಡಿದವಳು ನಾನು.

೧೯೫೬ರ ಜೂನ್ ತಿಂಗಳು. ನನ್ನ ಬಿ.ಎ. ಮುಗಿದಿತ್ತು. ಅಪ್ಪ ಹೋಗಿ ಆರು ವರ್ಷ. ನಾನು ಉಡುಪಿಯಲ್ಲಿ ಟೀಚರ್ ಆಗಬೇಕು, ಸಂಜೆಗೆ ಮನೆಗೆ ಬರಬೇಕು ಎಂದು ಅಮ್ಮನ ಆಸೆ. ಮೈಸೂರಿನಿಂದ ಎಂ.ಎ.ಗೆ ಸೀಟು ಸಿಕ್ಕಿದ ಕಾಗದ ಬಂತು. ಅಮ್ಮ ಬೈಯಲಿಲ್ಲ, ಅಳಲಿಲ್ಲ. “ಭಾನುವಾರ ಪುಸ್ತಕ ತೆರೆಯುತ್ತೇನೆ” ಎಂದರು. ನನ್ನ ಇಡೀ ಬದುಕು ಒಂದು ಬೆರಳಿನ ತುದಿಗೆ ಬಂದು ನಿಂತಿತು.

ಆ ವಾರ ಅವರು ಹೊಲಿದ ರವಕೆಗಳನ್ನು ಕೊಡಲು ಮೂರು ಮಧ್ಯಾಹ್ನ ಕಟಪಾಡಿಗೆ ಹೋದರು. ನೀನು ಶಾಲೆಯಲ್ಲಿದ್ದೆ. ನಾನು ಪುಸ್ತಕ ಕೆಳಗಿಳಿಸಿ ಹೋಗು ಎಂದು ಹೇಳುವ ಪುಟವನ್ನು ಹುಡುಕಿದೆ. ಊರನ್ನೂ ಬಂಧುಗಳನ್ನೂ ಬಿಟ್ಟು ಹೊರಡು ಎಂದು ದೇವರು ಒಬ್ಬ ಮುದುಕನಿಗೆ ಹೇಳುತ್ತಾನಲ್ಲ, ಅದು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅದು ತೀರಾ ಆರಂಭದಲ್ಲಿ, ರಟ್ಟಿನ ಹತ್ತಿರ. ಅಮ್ಮ ಅಷ್ಟು ಮೊದಲಿಗೆ ಎಂದೂ ತೆರೆಯುತ್ತಿರಲಿಲ್ಲ. ಇನ್ನೂ ಮುಂದೆ ಹೋಗಿ ಈ ಸೊಸೆಯ ಪುಟಕ್ಕೆ ಬಂದೆ. ಪುಸ್ತಕವನ್ನು ಅಲ್ಲಿಗೆ ಬಿಡಿಸಿ, ಮಗುಚಿ ನೆಲಕ್ಕೆ ಹಾಕಿ, ಬೆನ್ನಿನ ಮೇಲೆ ಅರೆಯುವ ಕಲ್ಲಿನ ಗುಂಡು ಇಟ್ಟೆ. ಮೂರು ಮಧ್ಯಾಹ್ನ. ಮೂರನೆಯ ದಿನ ಒಳಗಿನ ಅಂಟು ಬಿಟ್ಟ ಸದ್ದು ಕೇಳಿತು, ಒಣಕಡ್ಡಿ ಮುರಿದ ಹಾಗೆ. ರಟ್ಟು ಒರೆಸಿ ಪುಸ್ತಕವನ್ನು ಮೊದಲಿದ್ದ ಜಾಗದಲ್ಲಿಟ್ಟೆ. ನನ್ನ ಕೈಗೆ ಮೆಣಸಿನ ವಾಸನೆ ಇತ್ತು.

ಭಾನುವಾರ ಪುಸ್ತಕ ಅಲ್ಲಿಗೇ ಬಾಯಿ ಬಿಟ್ಟಿತು. ಬೆರಳು ಎಲ್ಲಿ ಬೀಳುತ್ತದೆ ಎಂಬುದು ನನ್ನ ಕೈಯಲ್ಲಿರಲಿಲ್ಲ. ಅದು, ನೀನು ಎಲ್ಲಿಗೆ ಹೋದರೂ ಎಂಬ ಮಾತಿನ ಮೇಲೆ ಬಿತ್ತು. ಅಮ್ಮ ಕಣ್ಣೊರೆಸಿಕೊಂಡು, “ದೇವರೇ ಇವಳ ಜೊತೆ ಹೋಗುತ್ತೇನೆ ಎನ್ನುವಾಗ ನಾನು ಯಾರು ತಡೆಯಲಿಕ್ಕೆ?” ಎಂದರು.

ಇಷ್ಟೇ ಆಗಿದ್ದರೆ ಒಂದು ಹುಡುಗಿಯ ಕಳ್ಳತನ ಎಂದು ನಗಬಹುದಿತ್ತು.

೧೯೬೮ರ ಡಿಸೆಂಬರಿನಲ್ಲಿ ಜಾರ್ಜರ ಮಾತು ಬಂದಾಗ ನಾನು ಕ್ರಿಸ್ಮಸ್ ರಜೆಗೆ ಬಂದಿದ್ದೆ. ಅಮ್ಮ ಚಾಪೆ ಹಾಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಪುಸ್ತಕ ತೆರೆದುಕೊಳ್ಳುವ ಮೊದಲೇ ಅದು ಎಲ್ಲಿ ತೆರೆಯುತ್ತದೆ ಎಂದು ಆ ಮನೆಯಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಅಮ್ಮ ಬೆರಳಿಟ್ಟು, “ಓದು ಮಗಾ” ಎಂದರು. ನೀನು ಓದಿದೆ. ಬಿಟ್ಟುಹೋಗು ಎಂದು ಒತ್ತಾಯಿಸಬೇಡ. ನಿನ್ನ ದನಿ ನಡುಗಲೂ ಇಲ್ಲ. ಅಮ್ಮ, ಹೊಸ್ತಿಲು, ಆ ಪುಟ, ಎಲ್ಲ ನನ್ನ ಎದುರಿಗಿತ್ತು. “ನಿಲ್ಲಿ, ಆ ಪುಟ ಸುಳ್ಳು” ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾಕೆ ಗೊತ್ತೇ? ನೀನು ಕಾರ್ಕಳಕ್ಕೆ ಹೋದರೆ ಅಮ್ಮನ ಜೊತೆ ಇರಲು ನಾನು ಮೈಸೂರಿನ ಟೀಚರ್ ಕೆಲಸ ಬಿಟ್ಟು ಬರಬೇಕಾಗಿತ್ತು.

ಒಂದು ಸಾಲನ್ನು ಪದ್ಯದಿಂದ ಕಿತ್ತು ಅರ್ಥ ಹೇಳಬೇಡಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಪ್ರತಿ ಸಲ ಹೇಳುವಾಗಲೂ ಕೈಯಲ್ಲಿ ಮೆಣಸಿನ ವಾಸನೆ ಬರುತ್ತದೆ.

ಉಡುಪಿಯಲ್ಲಿ ಉಮಾನಾಥ ಎಂಬ ಒಳ್ಳೆಯ ಬೈಂಡರ್ ಇದ್ದಾನೆ. ಬೇಕಾದರೆ ಪುಸ್ತಕವನ್ನು ಬಿಚ್ಚಿ ಹೊಸದಾಗಿ ಹೊಲಿಸೋಣ. ಆಗ ಅದು ತನಗೆ ತೋಚಿದ ಕಡೆ ತೆರೆದೀತು. ಅಥವಾ ತೆರೆಯಲೇಬೇಡ. ಆದರೆ ೨೯ರಂದು ಅದು ಇರು ಎಂದರೆ, ಅದು ದೇವರ ಮಾತೆಂದು ತಿಳಿದು ಇರಬೇಡ. ಅದು ಇಪ್ಪತ್ತೆರಡು ವರ್ಷದ ಗ್ಲ್ಯಾಡಿಸಳ ಮಾತು.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ನೀನು ಏನು ಮಾಡಬೇಕೆಂದು ಇನ್ನೊಮ್ಮೆ ನಾನು ಹೇಳಬಾರದು ಅನಿಸಿತು.

ಗ್ಲ್ಯಾಡಿಸ್

*

ಮಣಿಪಾಲ
೧೮ ನವೆಂಬರ್ ೧೯೮೧

ಬರ್ತಾ,

ಹದಿನಾರು ದಿನವಾಯಿತು. ಬೈದಾದರೂ ಒಂದು ಕಾರ್ಡು ಬರೆ. ಇಲ್ಲಿನ ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಎನ್ನುತ್ತಾನೆ.

ಗ್ಲ್ಯಾಡಿಸ್

*

ಕಾಪು
೨೪ ನವೆಂಬರ್ ೧೯೮೧

ಅಕ್ಕ,

ನಿನ್ನ ದೊಡ್ಡ ಕಾಗದ ಬಂದ ದಿನ ಅಕ್ಕಿಯ ಡಬ್ಬದೊಳಗೆ ಹಾಕಿ ಮುಚ್ಚಿಟ್ಟೆ. ಸಿಟ್ಟು ಬಂದಿತ್ತು. ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಬಾಲವಾಡಿಯಲ್ಲಿ ಒಂದು ಮಗು ಕೇಳಿತು, “ಟೀಚರ್, ನಿಮಗೆ ಹಲ್ಲುನೋವಾ?”

ನನಗೆ ಸಿಟ್ಟು ಬಂದದ್ದು ಯಾವುದಕ್ಕೆ ಎಂದು ತಿಳಿಯಲು ಮೂರು ದಿನ ಬೇಕಾಯಿತು. ನೀನು ಗುಂಡುಕಲ್ಲು ಇಟ್ಟದ್ದಕ್ಕಲ್ಲ. ಹದಿಮೂರು ವರ್ಷ ನಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದೆ. ನೀನು ಬಂದು ನನ್ನ ಪಕ್ಕ ಕೂತುಬಿಟ್ಟೆಯಲ್ಲ, ಅದಕ್ಕೆ.

ಕೇಳು. ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು ೭೧ರಲ್ಲಿ. ಅದಕ್ಕೆ ಮೊದಲು ಮೂರು ವರ್ಷ ಅವರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಸಭೆಯಲ್ಲಿ ಬಾಯಿಪಾಠದಿಂದಲೇ ಓದಿದ ಹಾಗೆ ನಟಿಸುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು. ಅದಕ್ಕೇ ಆ ದಿನ “ಓದು ಮಗಾ” ಎಂದದ್ದು.

ಬೆರಳು ಇದ್ದದ್ದು ನಾನು ಓದಿದ ಸಾಲಿನ ಮೇಲೆ ಅಲ್ಲ. ಪುಟದ ಮೇಲಿನ ಭಾಗದಲ್ಲಿ ಇತ್ತು. ಅಲ್ಲಿ ಅತ್ತೆ ಸೊಸೆಯಂದಿರಿಗೆ ಹೇಳುತ್ತಾಳೆ, ನೀವು ಹಿಂದಿರುಗಿ ಹೋಗಿ, ದೇವರು ನಿಮಗೆ ಗಂಡನ ಮನೆಯಲ್ಲಿ ನೆಮ್ಮದಿ ಕೊಡಲಿ ಎಂದು. ಅಮ್ಮನ ಉಗುರು ಆ ಮಾತಿನ ಮೇಲೆಯೇ ಇತ್ತು. ನಾನು ಅದನ್ನು ಬಿಟ್ಟು ಕೆಳಗಿನದನ್ನು ಓದಿದೆ.

ನೀನು ಪುಟ ಕದ್ದೆ. ನಾನು ಸಾಲು ಕದ್ದೆ.

ಯಾಕೆ ಎಂದು ಕೇಳುತ್ತೀ. ಅಡುಗೆಮನೆಯ ಬಾಗಿಲಲ್ಲಿ ನಿನ್ನ ಮುಖ ನೋಡಿದೆ. ಜೈಲಿನ ಬಾಗಿಲು ತೆರೆಯುವುದನ್ನು ಕಾಯುವವರ ಮುಖ ಅಲ್ಲ, ಮುಚ್ಚುವುದನ್ನು ಕಾಯುವವರ ಮುಖ, ನಾನು ಹೋದರೆ ಒಳಗಾಗುವವಳು ನೀನು. ಅದು ಅರ್ಧ. ಎಲ್ಲ ನಿನಗಾಗಿ ಮಾಡಿದೆ ಎಂದು ತಿಳಿದು ಅಳಬೇಡ, ನಾನು ಅಷ್ಟು ಒಳ್ಳೆಯವಳಲ್ಲ. ಇನ್ನರ್ಧ ನನ್ನದೇ. ಜಾರ್ಜರು ಒಳ್ಳೆಯವರು ಎಂದು ಗೊತ್ತಿತ್ತು. ಆದರೆ ನನಗೆ ಹೆದರಿಕೆಯಾಯಿತು. ಅಮ್ಮನ ಮನೆಯಲ್ಲಿ ನನಗೆ ಏನು ಕೆಲಸ ಎಂದು ಗೊತ್ತಿತ್ತು. ಅಲ್ಲಿ ಗೊತ್ತಿರಲಿಲ್ಲ. ಆಮೇಲೆ ಪುಸ್ತಕ ಹೇಳಿತು ಎಂದು ಎಲ್ಲರಿಗೂ ಹೇಳಿದೆ. ಹೇಳಿ ಹೇಳಿ ನಾನೇ ನಂಬಿದೆ. ಮಣ್ಣು ಮಾಡಿದ ದಿನ ನಿನಗೂ ಹೇಳಿದೆ.

ಒಂದು ವಿಷಯ ಮಾತ್ರ ಇನ್ನೂ ಅರ್ಥವಾಗಿಲ್ಲ. ಆ ಪುಟ ಅಮ್ಮನಿಗೆ ಬಾಯಿಪಾಠ. ಬೆರಳು ಪುಟದ ಮೇಲಿತ್ತೋ ಕೆಳಗಿತ್ತೋ ಎಂದು ಬೆರಳಿಗೆ ಗೊತ್ತಾಗುವುದಿಲ್ಲವೇ? ನಾನು ಓದಿ ಮುಗಿಸಿದ ಮೇಲೆ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬಹಳ ಹೊತ್ತು ಅಲ್ಲಿಯೇ ಇತ್ತು.

ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದಕ್ಕೆ ಇನ್ನೊಂದು ಕಾರಣ ಉಂಟು. ಹೋದ ವಾರ ಸಂಜೆ ಸುಂದರಿ ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಳು. ನಾನು ಪುಸ್ತಕ ತಂದು, ಅದು ನಿಜವಾಗಿಯೂ ಅಲ್ಲಿಗೇ ತೆರೆಯುತ್ತದಾ ಎಂದು ನೋಡಿದೆ. ತೆರೆಯಿತು. “ಎಂತ ಅದು ಬರ್ತಕ್ಕ, ಸ್ವಲ್ಪ ದೊಡ್ಡದಾಗಿ ಓದಿ” ಎಂದಳು. ಓದಿದೆ. ಪುಟ ಮುಗಿಯಿತು, ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಯಾವಾಗಲೂ ಅಲ್ಲಿಗೇ ನಿಲ್ಲಿಸುವುದು.

“ಮತ್ತೆ?” ಎಂದಳು ಸುಂದರಿ.

“ಮತ್ತೆ ಎಂತ?”

“ಮತ್ತೆ ಎಂತಾಯಿತು ಅಂತ ಕೇಳಿದ್ದು ಮಾರಾಯ್ರೆ. ಅತ್ತೆ ಸೊಸೆ ಊರಿಗೆ ಬಂದರು, ಕೊಯ್ಲು ಶುರುವಾಯಿತು. ಉಣ್ಣಲಿಕ್ಕೆ ಎಂತ ಮಾಡಿದರು ಅವರು?”

ಅಕ್ಕ, ನಾಚಿಕೆಯಾಯಿತು. ನನಗೆ ಹೇಳಲು ಬರಲಿಲ್ಲ. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಕೇಳಿದ್ದು ಅರೆಬರೆ ನೆನಪಿತ್ತು, ಅಷ್ಟೆ. ನಮ್ಮ ಮನೆಯ ಪುಟ ಎಂದು ಇಪ್ಪತ್ತೈದು ವರ್ಷ ಹಿಡಿದುಕೊಂಡಿದ್ದೆವಲ್ಲ, ಅದರ ಮುಂದಿನ ಪುಟ ತಿರುಗಿಸಿ ಓದಿದ್ದು ನೆನಪಿಲ್ಲ.

ತಿರುಗಿಸಿದೆ. ನಾಲ್ಕು ಸಂಜೆ ಓದಿದೆವು. ದಿನಕ್ಕೊಂದು ಅಧ್ಯಾಯ, ಸುಂದರಿಯ ಟೀಕೆ ಸಮೇತ. ಆ ಸೊಸೆ ಅತ್ತೆಯ ಜೊತೆ ಉಳಿದಳು ಎಂಬುದು ಬರಿಯ ಆರಂಭ. ಆಮೇಲೆ ಅವಳು ಮೂಲೆಯಲ್ಲಿ ಕೂರಲಿಲ್ಲ. ತೆನೆ ಆರಿಸಲು ಹೊರಟಳು. ಒಬ್ಬ ವಯಸ್ಸಾದ ಒಳ್ಳೆಯ ಮನುಷ್ಯ ಸಿಕ್ಕಿದ. ಅವನು ಬಂದು ಕೇಳಲಿ ಎಂದು ಕಾಯಲೂ ಇಲ್ಲ. ಅತ್ತೆ ದಾರಿ ಹೇಳಿಕೊಟ್ಟಳು, ಇವಳು ತಾನೇ ಹೋಗಿ ಕೇಳಿದಳು. ಸುಂದರಿ ಸಿಗಡಿ ಬಿಟ್ಟು ಎದ್ದು ನಿಂತಳು. “ಅವಳೇ ಹೋಗಿ ಕೇಳಿದಳಾ! ಜೋರುಂಟು ಹುಡುಗಿ! ನಿಮ್ಮ ದೇವರ ಪುಸ್ತಕದಲ್ಲಿ ಇಂಥದ್ದೆಲ್ಲ ಉಂಟಾ?”

ಕೊನೆಗೆ ಮಗು ಹುಟ್ಟಿತು. ಅತ್ತೆ ಅದನ್ನು ಮಡಿಲಲ್ಲಿ ಎತ್ತಿಕೊಂಡಳು. ಸುಂದರಿ ಮೂಗು ಒರೆಸಿಕೊಂಡು ಸಿಗಡಿಯ ಖಾರ ಎಂದಳು. ಸುಲಿದ ಸಿಗಡಿಗೆ ಎಲ್ಲಿಯ ಖಾರ?

ಪುಸ್ತಕವನ್ನು ಬೈಂಡ್ ಮಾಡಿಸುವುದು ಬೇಡ. ನೀನು ಮುರಿದದ್ದು ಹಾಗೆಯೇ ಇರಲಿ. ಅಮ್ಮನನ್ನು ನಗಾಡಲೂ ಬೇಡ. ಅವರು ಒಂದೇ ಪುಟದಲ್ಲಿ ಮನೆ ನಡೆಸಿದರು, ನಮ್ಮಿಬ್ಬರನ್ನು ಸಾಕಿದರು. ನನಗೆ ಇಷ್ಟು ವರ್ಷ ಬೇಕಾದ ಮಾತು ಪುಸ್ತಕದಲ್ಲಿ ಇರಲಿಲ್ಲ ಎಂದಲ್ಲ. ಇತ್ತು. ಒಂದು ಹಾಳೆಯ ಹಿಂದೆ ಇತ್ತು.

ಭಾನುವಾರ ಏನು ಮಾಡುತ್ತೇನೆ ಎಂದು ಕೇಳಬೇಡ. ನನಗೆ ಇನ್ನೂ ಹೆದರಿಕೆ ಉಂಟು.

ನಿನ್ನ ತಂಗಿ,
ಬರ್ತಾ

*

ಕಾಪು, ನಮ್ಮ ಜಗಲಿಯಲ್ಲಿ
೨೯ ನವೆಂಬರ್ ೧೯೮೧, ಭಾನುವಾರ

ನನ್ನ ಬರ್ತಾ,

ಇದಕ್ಕೆ ಸ್ಟಾಂಪು ಹಚ್ಚುವುದಿಲ್ಲ. ಸುಂದರಿಯ ಕೈಯಲ್ಲಿ ಕೊಟ್ಟು ಹೋಗುತ್ತೇನೆ. ಹೂವಪ್ಪಣ್ಣನ ಮಾತಿಗೆ ಒಮ್ಮೆಯಾದರೂ ಬೆಲೆ ಕೊಡೋಣ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಸಿಕ್ಕಿತು. ಬೆಳಿಗ್ಗೆ ಮೊದಲನೇ ಬಸ್ಸು ಹಿಡಿದು ಬಂದೆ. ಏನು ಹೇಳಬೇಕೆಂದು ತಿಳಿಯದೇ ಬಂದೆ. ನೀನು ಚಾಪೆ ಹಾಸಿ ಕೂತಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂರೋಣ ಎಂದುಕೊಂಡಿದ್ದೆ, ಈ ಸಲ ಅಡುಗೆಮನೆಯ ಬಾಗಿಲಲ್ಲಿ ನಿಲ್ಲದೆ. ಬಂದು ನೋಡಿದರೆ ಬೀಗ.

ಮೆಟ್ಟಿಲಲ್ಲಿ ಕೂತಿದ್ದೇನೆ. ಅಂಗಳದಲ್ಲಿ ನಿನ್ನ ಒಗೆದ ಸೀರೆ ಒಣಗುತ್ತಿದೆ, ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಹೋಗಿ ಬಹಳ ಹೊತ್ತಾಗಿರಲಿಕ್ಕಿಲ್ಲ. ತೆಂಗಿನ ಮರಗಳ ಆಚೆ ಸಮುದ್ರ ಎಂದಿನ ಹಾಗೆಯೇ ಸದ್ದು ಮಾಡುತ್ತಿದೆ. ಒಳಗೆ ಗಡಿಯಾರ ಒಂಬತ್ತು ಹೊಡೆಯಿತು. ನನ್ನ ವಾಚಿನಲ್ಲಿ ಒಂಬತ್ತಕ್ಕೆ ಐದು ನಿಮಿಷ ಕಡಿಮೆ. ಹದಿಮೂರು ವರ್ಷ ಜಾರ್ಜರು ಬಿಟ್ಟುಹೋದ ಈ ಐದು ನಿಮಿಷವನ್ನು ಸರಿ ಮಾಡಲು ಯಾರನ್ನೂ ಬಿಡದವಳನ್ನು ನಾನು ಪುಸ್ತಕದ ಮಾತಿಗೆ ಉಳಿದವಳು ಎಂದುಕೊಂಡಿದ್ದೆ. ನಾನು ಎಂಥ ಪದ್ಯದ ಟೀಚರು?

ನಿನ್ನೆ ಸಂಜೆ ನನ್ನ ಇಂಗ್ಲಿಷಿನ ಬೈಬಲ್ ತೆಗೆದು ಆ ನಾಲ್ಕು ಅಧ್ಯಾಯ ಓದಿದೆ. ಬೆರಳಿಡಲಿಲ್ಲ. ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಅಮ್ಮನ ದನಿ ಇಲ್ಲ ಎಂದು ಬರೆದಿದ್ದೆನಲ್ಲ. ಅತ್ತೆ ಸೊಸೆಗೆ, ಎದ್ದು ಮಿಂದು ಒಳ್ಳೆಯ ಬಟ್ಟೆ ಉಟ್ಟು ಹೋಗು ಎನ್ನುವ ಕಡೆ ಇತ್ತು.

ನಿನ್ನ ತಲೆಯ ಮೇಲೆ ಅಮ್ಮನ ಕೈ ಅಷ್ಟು ಹೊತ್ತು ಯಾಕೆ ಇತ್ತು ಎಂದು ನನಗೂ ಗೊತ್ತಿಲ್ಲ. ಮೈಸೂರಿಗೆ ಹೊರಟಾಗ ನನ್ನ ಹೆಗಲ ಮೇಲೂ ಬಹಳ ಹೊತ್ತು ಇತ್ತು.

ಮುಂದಿನ ಶನಿವಾರ ಬರುತ್ತೇನೆ. ಬಾಗಿಲು ತೆರೆದಿದ್ದರೂ ಸರಿ, ಬೀಗ ಇದ್ದರೂ ಸರಿ.

ನಿನ್ನ ಅಕ್ಕ,
ಗ್ಲ್ಯಾಡಿಸ್

ಸಹಿ ಹಾಕಿದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ಕಾಗದ ಕೊಡಲು ಸುಂದರಿಯ ಮನೆಗೆ ಹೋದೆ. ಅವಳು ಬಾಗಿಲಿಗೆ ಬಂದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನೀನು ಎಲ್ಲಿ ಎಂದು ಕೇಳಿದೆ. “ಕಾರ್ಕಳಕ್ಕೆ ಹೋದರಲ್ಲ ಗ್ಲ್ಯಾಡಿಸಕ್ಕ, ನೀಲಿ ಸೀರೆ ಉಟ್ಟು. ಪ್ರಾರ್ಥನೆಗೂ ಅಲ್ಲಿನ ದೇವಾಲಯಕ್ಕೇ ಹೋಗ್ತಾರಂತೆ. ಪುಸ್ತಕ ಚೀಲದಲ್ಲಿ ಉಂಟು. ಬೆಳಿಗ್ಗೆ ತೆರೆದು ನೋಡಿದಿರಾ ಅಂತ ಕೇಳಿದೆ. ‘ಓದಿ ಆಯ್ತಲ್ಲ ಸುಂದರಿ, ಇನ್ನು ತೆರೆಯಲಿಕ್ಕೆ ಎಂತ ಉಂಟು?’ ಅಂದರು. ಮತ್ತೆ ನನ್ನ ಹತ್ರ ಕೇಳಿದ್ದು ಒಂದೇ, ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು ಎಷ್ಟು ಗಂಟೆಗೆ ಅಂತ.”